ಮೊಸಳೆ ಇರುವ ಪುಸ್ತಕ

ನೀರಾವರಿ ಇಲಾಖೆಯಿಂದ ನಿವೃತ್ತನಾದ ಮಾರನೆಯ ದಿನವೇ ಪ್ರಯೋಂಗ್ ಪೆಟ್‌ಬುರಿ ಊರಿನ ಹೊಳೆದಂಡೆಯ ಕಾಫಿ ಅಂಗಡಿಯಲ್ಲಿ ಕೂತು, ಇನ್ನು ಮೇಲೆ ತಾನು ಮಾನವಿಕ ಶಾಸ್ತ್ರಗಳನ್ನೆಲ್ಲ ಸ್ವಂತವಾಗಿ ಓದಿ ಮುಗಿಸುವುದಾಗಿ ಸಾರಿಬಿಟ್ಟ. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ, ಧರ್ಮ, ಭಾಷೆ, ಕಲೆ, ಯಾವುದನ್ನೂ ಬಿಡುವುದಿಲ್ಲ ಎಂದ. ಕೇಳಿದವರು ತಲೆಯಾಡಿಸಿ ತಮ್ಮ ಗಂಜಿಯ ಕಡೆ ತಿರುಗಿದರು. ಅವರಿಗೆ ಇಂಥದ್ದು ಹೊಸದಲ್ಲ. ನಿವೃತ್ತರಾದವರಲ್ಲಿ ಒಬ್ಬ ಹುಂಜ ಸಾಕುತ್ತಾನೆ, ಒಬ್ಬ ಆರ್ಕಿಡ್ ಬೆಳೆಸುತ್ತಾನೆ, ಒಬ್ಬ ಎರಡನೆಯ ಸಂಸಾರ ಹೂಡುತ್ತಾನೆ. ಇವನ ಹುಚ್ಚಿನಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡರು.

ತೊಂದರೆ ಇದ್ದದ್ದು ಅವನಿಗೇ. ಇಷ್ಟರಲ್ಲಿ ಮೊದಲು ಯಾವುದನ್ನು ಓದುವುದು?

ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕಿದ್ದನ್ನು ಓದಿ ಸುಮ್ಮನಾಗುತ್ತಿದ್ದರು. ಪ್ರಯೋಂಗ್ ಹಾಗಲ್ಲ. ಉದ್ಯೋಗದ ಉದ್ದಕ್ಕೂ ಅವನು ಕಾಲುವೆಗಳ ನಕ್ಷೆ ಬರೆದವನು. ನೀರು ಎಲ್ಲಿ ನಿಲ್ಲುತ್ತದೆ, ಯಾವ ತೂಬು ಮೊದಲು ತೆರೆಯಬೇಕು, ಯಾವ ಕವಲು ನಾಲೆಗೆ ಯಾವಾಗ ಬಿಡಬೇಕು, ಇದು ತಪ್ಪಿದರೆ ಕಟ್ಟಕಡೆಯ ಗದ್ದೆಗೆ ಹನಿ ನೀರೂ ಮುಟ್ಟುವುದಿಲ್ಲ ಎಂಬುದು ಅವನ ರಕ್ತಕ್ಕಿಳಿದಿತ್ತು. ವಿದ್ಯೆಯೂ ಹಾಗೇ ಹರಿಯಬೇಕಲ್ಲವೇ? ಅವನು ನಕ್ಷೆಯ ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಮೇಲ್ಗಡೆ ಒಂದು ಅಣೆಕಟ್ಟು ಬರೆದು, ಅದರೊಳಗೆ ಯಾವ ಶಾಸ್ತ್ರದ ಹೆಸರು ಬರೆಯುವುದೆಂದು ಪೆನ್ಸಿಲ್ ಕಚ್ಚುತ್ತ ಕೂತ. ಕಚ್ಚಿ ಕಚ್ಚಿ ಪೆನ್ಸಿಲ್ ಅರ್ಧವಾಯಿತೇ ಹೊರತು ಹೆಸರು ಹೊಳೆಯಲಿಲ್ಲ.

ಅವನು ಮದುವೆಯಾದವನಲ್ಲ. ಅಕ್ಕ ಲಮುನ್‌ಳ ಸಿಹಿ ಅಂಗಡಿಯ ಹಿಂದಿನ ಮರದ ಮನೆಯಲ್ಲಿದ್ದ. ಲಮುನ್ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಗಂಡ ಸತ್ತು ಬಹುಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಾತುಕೋಳಿ ಮೊಟ್ಟೆ, ತೆಂಗಿನ ಹಾಲು, ತಾಳೆಬೆಲ್ಲ ಕಲಸಿ ಹಿತ್ತಾಳೆಯ ತಟ್ಟೆಗಳಲ್ಲಿ ಬೇಯಿಸಿ, ಮೇಲೆ ಹುರಿದ ಸಣ್ಣ ಈರುಳ್ಳಿ ಉದುರಿಸಿ ಅವಳು ಮಾಡುವ ಸಿಹಿಗೆ ಊರಿನಲ್ಲಿ ಹೆಸರಿತ್ತು. ಲಮುನ್ ಎಂದರೆ ಮೃದು ಎಂದರ್ಥ. ಹೆಸರಿಟ್ಟವರು ಅವಳು ಬಾಯಿ ತೆರೆಯುವ ಮುಂಚೆ ಇಟ್ಟಿರಬೇಕು.

ನಕ್ಷೆಯ ಮುಂದೆ ಕೂತಿದ್ದ ತಮ್ಮನ ಬಳಿ ಅವಳು ಒಂದು ಮಧ್ಯಾಹ್ನ ಬಂದು ನಿಂತಳು.

"ತುಯ್, ನಂಗೊಂದು ಪುಸ್ತಕ ಬರ್ಕೊಡು."

ತುಯ್, ಎಂದರೆ ಡುಮ್ಮ, ಮನೆಯಲ್ಲಿ ಅವನನ್ನು ಕರೆಯುವ ಹೆಸರು. ಗುಂಡಗಿದ್ದ ಕಾಲದಲ್ಲಿ ಇಟ್ಟದ್ದು, ಈಗಲೂ ಸಲ್ಲುತ್ತಿತ್ತು.

"ಯಾವ ಪುಸ್ತಕ ಅಕ್ಕ?"

"ಇನ್ಯಾವ್ದು? ನನ್ನ ಸಾವಿಂದು."

ಆ ಸೀಮೆಯಲ್ಲಿ ಶವಸಂಸ್ಕಾರಕ್ಕೆ ಬಂದವರಿಗೆ ಒಂದೊಂದು ಪುಸ್ತಕ ಕೊಟ್ಟು ಕಳಿಸುವುದು ಮರ್ಯಾದಸ್ಥರ ಪದ್ಧತಿ. ಮುಂದಿನ ಅರ್ಧದಲ್ಲಿ ಸತ್ತವರ ಬದುಕು, ಹಿಂದಿನ ಅರ್ಧದಲ್ಲಿ ಜನಕ್ಕೆ ಉಪಯೋಗವಾಗುವಂಥದ್ದು ಏನಾದರೊಂದು: ಹಳೆಯ ರಾಜರ ಚರಿತ್ರೆ, ಪದ್ಯ, ಧರ್ಮೋಪದೇಶ, ಅಡುಗೆ, ನಾಟಿ ಔಷಧ. ಈಚೆಗೆ ಆ ಪದ್ಧತಿ ಸವೆಯುತ್ತ ಬಂದಿತ್ತು.

"ಈಗೀಗ ಎಲ್ರೂ ಮೂಗಿಗೆ ಹಿಡಿಯೋ ಮೆಂಥಾಲ್ ಕಡ್ಡಿ ಹಂಚ್ತಾರೆ," ಎಂದಳು ಲಮುನ್. "ನನ್ನ ಸಾವಿಗೆ ಬಂದೋರಿಗೆ ಅದನ್ನ ಕೊಟ್ರೆ ಪೆಟ್ಟಿಗೆಯಿಂದ ಎದ್ದು ಕೂರ್ತೀನಿ, ಈಗ್ಲೇ ಹೇಳಿದ್ದೀನಿ."

"ಗುಂಡುಕಲ್ಲಿನ ಹಾಗಿದ್ದೀಯ. ಅದಕ್ಕೀಗ ಏನವಸರ?"

"ಸಾವಿನ ಪುಸ್ತಕಾನ ಎಲ್ರೂ ಓದ್ತಾರೆ, ಸತ್ತೋರೊಬ್ರನ್ನ ಬಿಟ್ಟು. ನಂಗೆ ನಂದನ್ನ ಓದ್ಬೇಕು. ಕಣ್ಣಿರೋವಾಗ್ಲೇ ಓದ್ಬೇಕು."

ಅವಳ ಕಣ್ಣು ನಡುವಿನಿಂದ ಮಸುಕಾಗುತ್ತ ಬಂದಿತ್ತು. ಕನ್ನಡಕದಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ಸರಿಹೋಗುವಂಥದ್ದಲ್ಲ, ನಿಧಾನವಾಗಿ ಅಕ್ಷರಗಳು ಕೈಬಿಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ನಿನ್ನ ಮೂಗು ಕಾಣಲ್ಲ, ಅದೊಂದು ಲಾಭ," ಎಂದು ಅವಳು ತಮ್ಮನಿಗೆ ಹೇಳುತ್ತಿದ್ದಳು.

"ಬರೋ ವರ್ಷ ನಂಗೆ ಎಪ್ಪತ್ತೆರಡು. ಹುಟ್ಟಿದ ಹಬ್ಬಕ್ಕೆ ನನ್ನ ಕೈಲಿ ಪುಸ್ತಕ ಇರ್ಬೇಕು. ಓದಿದೋನು ಅಂತ ಮನೇಲಿರೋನು ನೀನೊಬ್ನೇ."

ಪ್ರಯೋಂಗನ ಎದೆ ಉಬ್ಬಿತು. ಉಬ್ಬಿದ ಎದೆಯಿಂದ ಹೊರಡುವ ಮಾತು ಯಾವಾಗಲೂ ಅವನನ್ನು ಹಳ್ಳಕ್ಕೆ ತಳ್ಳುತ್ತಿತ್ತು. "ಬರೀತೀನಿ," ಎಂದ. "ಆದ್ರೆ ಹಾಗೇ ಗೀಚಿ ಕೊಡೋದಲ್ಲ. ಹಿಂದಿನ ಅರ್ಧದಲ್ಲಿ ಇಡೀ ಮಾನವಿಕ ವಿದ್ಯೆಯ ಸಾರ ಇರ್ಬೇಕು. ಅದಕ್ಕೆ ಮೊದ್ಲು ಓದ್ಬೇಕು. ಓದೋಕೆ ಮೊದ್ಲು ಕ್ರಮ ಗೊತ್ತಾಗ್ಬೇಕು."

"ಓದು. ಬೇಡ ಅಂದೋರ್ಯಾರು?" ಲಮುನ್ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ಅದ್ರಲ್ಲಿ ಮೊಸಳೆ ಬರುತ್ತಾ?"

"ಯಾವುದ್ರಲ್ಲಿ?"

"ನೀನು ಓದೋದ್ರಲ್ಲಿ."

"ಮೊಸಳೆ ಪ್ರಾಣಿಶಾಸ್ತ್ರಕ್ಕೆ ಸೇರಿದ್ದು ಅಕ್ಕ. ನಂದು ಮಾನವಿಕ."

"ಓ," ಎಂದಳು ಲಮುನ್. ಈರುಳ್ಳಿ ಸೀಯುವ ವಾಸನೆ ಬಂದದ್ದರಿಂದ ಒಳಗೆ ಹೋದಳು.

ಓದನ್ನು ಗುರುವಾರವೇ ಶುರು ಮಾಡಬೇಕು. ಇದರಲ್ಲಿ ಪೆಟ್‌ಬುರಿಯ ಯಾರಿಗೂ ಎರಡು ಮಾತಿಲ್ಲ. ಗರಿಕೆ, ಕೇಪಳದ ಹೂ, ಭತ್ತದ ಅರಳು, ಜೊತೆಗೆ ತಲೆ ತಗ್ಗಿಸಿ ನಿಲ್ಲುತ್ತದೆಂಬ ಕಾರಣಕ್ಕೆ ಬದನೆಯ ಹೂ, ಇವಿಷ್ಟನ್ನು ತಟ್ಟೆಯಲ್ಲಿಟ್ಟು ಗುರುವಿಗೆ ಅರ್ಪಿಸಿ ನಮಸ್ಕರಿಸಿದ ಮೇಲೆಯೇ ಪುಸ್ತಕ ಬಿಚ್ಚುವುದು. ಸ್ವಂತವಾಗಿ ಓದುವವನಿಗೆ ಗುರು ಎಲ್ಲಿ? ಪ್ರಯೋಂಗ್ ಬಹಳ ಯೋಚಿಸಿ, ಆಯಾ ಶಾಸ್ತ್ರವನ್ನೇ ಗುರುವೆಂದುಕೊಂಡು ಗೋಡೆಯ ನಕ್ಷೆಯ ಮುಂದೆ ತಟ್ಟೆ ಇಟ್ಟ. ಮೊದಲ ಗುರುವಾರ ಅಣೆಕಟ್ಟಿನಲ್ಲಿ ಇತಿಹಾಸ ಎಂದು ಬರೆದು ಮೂರು ಸಲ ಬಾಗಿದ. ಮನಸ್ಸು ತಂಪಾಯಿತು. ಇಷ್ಟು ದೊಡ್ಡ ಕೆಲಸ ಮಾಡಿದ ದಿನ ಓದಿ ದಣಿಯುವುದು ಬೇಡವೆಂದು ಮಲಗಿದ.

ಸೋಮವಾರದ ಹೊತ್ತಿಗೆ ಅನುಮಾನ ಹುಟ್ಟಿತು. ನಿಜ ಯಾವುದು, ಸುಳ್ಳು ಯಾವುದು ಎಂದು ತಿಳಿಯದೆ ಇತಿಹಾಸ ಓದಿ ಏನು ಪ್ರಯೋಜನ? ಹಾಗಾದರೆ ಮೊದಲು ತತ್ವಶಾಸ್ತ್ರ. ಆದರೆ ಹೂವಿಟ್ಟು ಕೈಮುಗಿದ ಗುರುವನ್ನು ನಾಲ್ಕೇ ದಿನಕ್ಕೆ ಬಿಟ್ಟುಹೋಗುವುದು ಹೇಗೆ? ಮುಂದಿನ ಗುರುವಾರ ಅವನು ಎರಡು ತಟ್ಟೆ ಇಟ್ಟ, ಒಂದು ಇತಿಹಾಸದ ಕ್ಷಮೆ ಕೇಳುವುದಕ್ಕೆ, ಇನ್ನೊಂದು ತತ್ವಶಾಸ್ತ್ರವನ್ನು ಬರಮಾಡಿಕೊಳ್ಳುವುದಕ್ಕೆ. ಅದರ ಮುಂದಿನ ವಾರ, ಕತೆ ಕೇಳದವನಿಗೆ ತತ್ವ ದಕ್ಕುವುದಿಲ್ಲವೆಂದು ಸಾಹಿತ್ಯ ಅಣೆಕಟ್ಟಿಗೆ ಏರಿತು. ಎರಡು ಕ್ಷಮೆ, ಒಂದು ಸ್ವಾಗತ, ಮೂರು ತಟ್ಟೆ. ಹೀಗೆ ಅವನ ಗುರುವಾರಗಳೆಲ್ಲ ಕ್ಷಮಾಪಣೆಯಲ್ಲೇ ಕಳೆದುಹೋದವು. ಉಳಿದ ದಿನಗಳಲ್ಲಿ ಓದುವಂತಿರಲಿಲ್ಲ, ಶುರುವೇ ಆಗಿರಲಿಲ್ಲವಲ್ಲ.

ಒಂದು ದಿನ ಲಮುನ್ ಹಿತ್ತಲಿನಿಂದಲೇ ಕೂಗಿ ಕೇಳಿದಳು. "ತುಯ್, ಈ ಸಲ ಬದನೆ ಗಿಡದಲ್ಲಿ ಒಂದೂ ಕಾಯಿಲ್ಲ ಯಾಕೋ?"

ಪ್ರಯೋಂಗ್ ನಕ್ಷೆಯ ಹಿಂದೆ ಮುಖ ಮರೆಸಿಕೊಂಡ.

"ಹೂವೆಲ್ಲ ನಿನ್ನ ಗೋಡೆಗೆ ಇಟ್ರೆ ನಾವು ತಿನ್ನೋದೇನು, ತತ್ವಾನಾ?"

ಸಲಹೆ ಕೇಳಿದರೆ ಗೊಂದಲ ತೀರೀತೆಂದು ಅವನು ದೇವಾಲಯದ ಹಿರಿಯ ಭಿಕ್ಷುವಿನ ಬಳಿಗೆ ಹೋದ. ಭಿಕ್ಷು ಅವನ ಶಾಲೆಯ ಗೆಳೆಯ. ಹಿಂದಿನ ಬೆಂಚಿನಲ್ಲಿ ಕೂತು ಇವನದನ್ನೇ ನೋಡಿ ಬರೆಯುತ್ತಿದ್ದವರು, ಈಗ ಊರಿಗೆ ಊರೇ ಅವರ ಮುಂದೆ ಕೂತು ತಲೆಬಾಗುತ್ತಿತ್ತು.

"ಮೂಲ ಭಾಷೆ ಬರ್ದೆ ಯಾವ್ದೂ ಪೂರ್ತಿ ತಿಳಿಯಲ್ಲ," ಎಂದರು ಭಿಕ್ಷು. "ಪಾಲಿ ಮೊದ್ಲು ಕಲೀರಿ."

"ಸ್ವಾಮಿಗಳು ಕಲ್ತಿದ್ದೀರಲ್ಲ, ಎಷ್ಟು ಕಾಲ ಹಿಡೀತು?"

"ಇನ್ನೂ ಹಿಡೀತಾನೇ ಇದೆ." ಭಿಕ್ಷು ಎಲೆಯಡಿಕೆಯ ಬಾಯಿ ಒರೆಸಿಕೊಂಡರು. "ನೀವು ನಂಗೆ ಪರೀಕ್ಷೇಲಿ ತೋರಿಸಿದ್ದೆಲ್ಲ ತಪ್ಪಾಗಿತ್ತು, ಗೊತ್ತಾ? ಇಬ್ರೂ ಒಟ್ಟಿಗೆ ಫೇಲಾದ್ವಿ. ಅದಕ್ಕೇ ನಿಧಾನವಾಗಿ ಹೋಗಿ ಅಂತ ಹೇಳೋದು."

ಪ್ರಯೋಂಗ್ ಮನೆಗೆ ಬಂದು ಅಣೆಕಟ್ಟಿನ ಮೇಲೊಂದು ಅಣೆಕಟ್ಟು ಬರೆದು ಪಾಲಿ ಎಂದ. ಪಾಲಿಗೆ ನೀರು ಎಲ್ಲಿಂದ ಎಂದು ಯೋಚಿಸಿ ಅದರ ಮೇಲೆ ಸಂಸ್ಕೃತ ಎಂದ. ಹಾಳೆ ಮುಗಿಯಿತು. ಗೋಡೆಯ ಮೇಲೇ ಬರೆಯತೊಡಗಿದ. ಗೋಡೆಯೂ ಮುಗಿದು ಪೆನ್ಸಿಲ್ ಸೂರಿಗೆ ತಗುಲಿದಾಗ ಅವನಿಗೇ ನಗು ಬಂತು. ನಾಳೆ ತಾನು ಸತ್ತರೆ ತನ್ನ ಪುಸ್ತಕದಲ್ಲಿ ಏನೆಂದು ಬರೆಯುತ್ತಾರೆ? 'ಶ್ರೀಯುತರು ಓದಲು ಸಿದ್ಧರಾಗುತ್ತಿದ್ದಾಗ ತೀರಿಕೊಂಡರು.' ಹಿಂದಿನ ಅರ್ಧಕ್ಕೆ ಬದನೆಕಾಯಿ ಅಡುಗೆ ಹಾಕಬಹುದು. ನಕ್ಕು ಮುಗಿದ ಮೇಲೆ ಬೆರಳು ಮಡಚಿ ತಿಂಗಳು ಎಣಿಸಿದ. ಅಕ್ಕನ ಹುಟ್ಟಿದ ಹಬ್ಬಕ್ಕೆ ಅರ್ಧ ವರ್ಷವೂ ಉಳಿದಿರಲಿಲ್ಲ.

ಆಮೇಲೆ ಅವನಿಗೆ ಹೊಳೆದದ್ದು ಅಕ್ಕನ ಕಪಾಟು. ಲಮುನ್ ಹೋಗದ ಶವಸಂಸ್ಕಾರವೇ ಊರಿನಲ್ಲಿರಲಿಲ್ಲ. ಪರಿಚಯದವರು ಸತ್ತರೂ ಹೋಗುತ್ತಿದ್ದಳು, ಮುಖ ನೋಡದವರು ಸತ್ತರೂ ಒಲೆ ಆರಿಸಿ ಕಪ್ಪು ಬಟ್ಟೆ ಉಟ್ಟು ಹೊರಡುತ್ತಿದ್ದಳು. ಬರುವಾಗ ಪುಸ್ತಕ ತರುತ್ತಿದ್ದಳು. ಜನ ಅವಳನ್ನು ಬಹಳ ಧರ್ಮವಂತೆ ಎಂದುಕೊಂಡಿದ್ದರು. ಕಪಾಟು ತುಂಬಿ ಮಂಚದಡಿಯ ಪೆಟ್ಟಿಗೆಗಳೂ ತುಂಬಿದ್ದವು. ಪ್ರಪಂಚದ ವಿದ್ಯೆಯೆಲ್ಲ ಆ ಸತ್ತವರ ಹಿಂದಿನ ಅರ್ಧಗಳಲ್ಲಿ ಬಂದು ಕೂತಿದೆ, ಅದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಬಿಟ್ಟರೆ ತನ್ನ ಕೆಲಸ ಅರ್ಧ ಮುಗಿದಂತೆ ಎಂದು ಪ್ರಯೋಂಗ್ ಲೆಕ್ಕ ಹಾಕಿದ.

ಪುಸ್ತಕವನ್ನು ನೆಲದ ಮೇಲಿಡುವಂತಿಲ್ಲ, ದಾಟುವಂತಿಲ್ಲ. ಅವನು ಎಲ್ಲವನ್ನೂ ತನ್ನ ಹಾಸಿಗೆಯ ಮೇಲೆ ಶಾಸ್ತ್ರವಾರು ಜೋಡಿಸಿ, ತಾನು ಕೆಳಗೆ ಚಾಪೆ ಹಾಸಿಕೊಂಡು ಮಲಗತೊಡಗಿದ. ವಿದ್ಯೆ ಮೇಲೆ ಸೊಳ್ಳೆಪರದೆಯೊಳಗೆ ಸುಖವಾಗಿ ನಿದ್ದೆ ಹೋಯಿತು. ವಿದ್ಯಾರ್ಥಿ ಕೆಳಗೆ ಸೊಳ್ಳೆ ಹೊಡೆಯುತ್ತ ಎಚ್ಚರವಿದ್ದ.

ಬೇಸಗೆ ಬಂತು. ಮಲ್ಲಿಗೆ ನೀರಿನಲ್ಲಿ ನೆನೆಸಿದ ತಣ್ಣನೆಯ ಅನ್ನವನ್ನು ತಮ್ಮನಿಗೆ ತಂದುಕೊಟ್ಟ ಲಮುನ್, ಹಾಸಿಗೆಯ ಅಂಚಿನಿಂದ ಒಂದು ಪುಸ್ತಕ ಎತ್ತಿಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಓರೆಯಾಗಿಸಿ ಕಣ್ಣಂಚಿನಿಂದ ನೋಡಿದಳು.

"ಇದ್ರಲ್ಲೇನಿದೆ? ಸ್ವಲ್ಪ ಓದಿ ಹೇಳು."

"ಅದನ್ನ ತೆಗೀಬೇಡ ಅಕ್ಕ. ಅದು ಏಳನೇ ಕವಲಿನ ಪುಸ್ತಕ. ಅದರ ಸರದಿ ಇನ್ನೂ ಬಂದಿಲ್ಲ."

"ಒಂದು ಪುಟ ಓದೋ."

"ಒಂದು ಅಂತ ಓದಿದ್ರೆ ಕ್ರಮ ಕೆಡುತ್ತೆ. ನಾನು ಎಲ್ಲ ಮುಗ್ಸಿ ಬರೆದಾದ್ಮೇಲೆ ನೀನೇ ಓದ್ತೀಯಲ್ಲ."

ಲಮುನ್ ಪುಸ್ತಕವನ್ನು ಎಲ್ಲಿಂದ ತೆಗೆದಿದ್ದಳೋ ಅಲ್ಲೇ ತಡವಿ ಇಟ್ಟಳು. ಬಯ್ಯಲಿಲ್ಲ. ಗೋಡೆಯ ಕಡೆ ತಿರುಗಿ, ಕಾಣದ ನಕ್ಷೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. "ತೂಬು, ನಾಲೆ ಎಲ್ಲ ಚೆನ್ನಾಗಿದೆ ಅಂತಾರೆ ನೋಡ್ದೋರು. ನೀರು ಯಾವಾಗ ಬಿಡ್ತೀಯ?" ಎಂದು ಕೇಳಿ ಹೋದಳು. ಅವಳು ಬಯ್ಯದೆ ಹೋದದ್ದು ಪ್ರಯೋಂಗನಿಗೆ ಇಡೀ ದಿನ ಹಿತವೆನಿಸಲಿಲ್ಲ. ಆದರೂ ಏಳನೆಯ ಕವಲನ್ನು ಮತ್ತೆ ಸರಿಮಾಡಿ ಇಟ್ಟ.

ಮಳೆಗಾಲದ ಮೊದಲಲ್ಲಿ ಅಕ್ಕಿ ಗಿರಣಿಯ ಯಜಮಾನಿ ತೀರಿಕೊಂಡಳು. ಅಕ್ಕ ತಮ್ಮ ಇಬ್ಬರೂ ಹೋದರು. ಸತ್ತವರಿಗೆ ಅರ್ಪಿಸುವ ಕಾಗದದ ಗಂಧದ ಹೂವನ್ನು ಶವಪೆಟ್ಟಿಗೆಯ ಬಳಿ ಇಟ್ಟು ಮೆಟ್ಟಿಲಿಳಿದಾಗ ಪುಸ್ತಕ ಕೊಟ್ಟರು, ಅದೂ ಒಳ್ಳೆಯ ಕಾಗದದ ದಪ್ಪ ಪುಸ್ತಕ. ಲಮುನ್ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಂಚಿನ ಮೇಲೆ ಕೂತು, ತೆರೆದು ತೊಡೆಯ ಮೇಲಿಟ್ಟುಕೊಂಡು ಬಾಗಿದಳು. ಬೆರಳಿನಿಂದ ಸಾಲು ಹಿಡಿದು ನಿಧಾನವಾಗಿ ಸರಿಸಿದಳು. ಒಂದು ಪುಟ ತಿರುವಿದಳು. ಇನ್ನೊಂದು ತಿರುವಿದಳು.

ಪುಸ್ತಕ ತಲೆಕೆಳಗಾಗಿತ್ತು.

ಅಕ್ಕಪಕ್ಕದಲ್ಲಿ ಊರಿನವರಿದ್ದರು. ಪ್ರಯೋಂಗ್ ಅವಳ ತೊಡೆಯ ಮೇಲಿನಿಂದ ಪುಸ್ತಕವನ್ನೆತ್ತಿ, ಚಿತ್ರ ನೋಡುವವನಂತೆ ತಿರುಗಿಸಿ, ಸರಿಯಾಗಿ ಮತ್ತೆ ಅಲ್ಲೇ ಇಟ್ಟ.

"ಚಿತ್ರ ಇದೆಯಾ?" ಲಮುನ್ ಮೆಲ್ಲಗೆ ಕೇಳಿದಳು.

"ಇಲ್ಲ ಅಕ್ಕ. ಬರೀ ಅಕ್ಷರ."

"ಹೂಂ. ಅಕ್ಷರ ಚೆನ್ನಾಗಿ ಬಿದ್ದಿದೆ," ಎಂದು ಅವಳು ಹಾಳೆಯನ್ನು ಸವರಿದಳು.

ಮಾರನೆಯ ಬೆಳಗ್ಗೆ ಪ್ರಯೋಂಗ್ ನೇರ ಪ್ರೆಸ್ಸಿಗೆ ಹೋದ. ಪ್ರೆಸ್ಸಿನ ಕ್ವಾಂಗ್ ಚೀನೀ ಮನೆತನದವನು, ಪೆಟ್‌ಬುರಿಯ ಸಾವುಗಳನ್ನೆಲ್ಲ ತಂದೆಯ ಕಾಲದಿಂದ ಅಚ್ಚು ಹಾಕುತ್ತ ಬಂದವನು.

"ಅಣ್ಣ, ಅಕ್ಕನ ಪುಸ್ತಕ ಬೇಗ ಆಗ್ಬೇಕು. ಹಿಂದಿನ ಅರ್ಧ ಆಮೇಲೆ ಕೊಡ್ತೀನಿ."

"ಮುಂದಿನ ಅರ್ಧ ಕೊಡಿ ಮೇಷ್ಟ್ರೇ, ಇವತ್ತೇ ಅಚ್ಚಿಗೆ ಜೋಡಿಸ್ತೀನಿ." ಕಾಫಿ ಅಂಗಡಿಯ ಘೋಷಣೆಯಾದಂದಿನಿಂದ ಕ್ವಾಂಗ್ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದ, ನಗದೆ ಎನ್ನುತ್ತಿದ್ದ. "ಹುಟ್ಟಿದ್ದೆಲ್ಲಿ, ಓದಿದ್ದೆಷ್ಟು, ಚಿಕ್ಕವರಿದ್ದಾಗ ಹೇಗಿದ್ರು, ಏನಿಷ್ಟ, ಏನಾಸೆ. ಇಷ್ಟೇ. ಅರ್ಧ ಗಂಟೆ ಕೆಲಸ."

ಕಾಗದ, ಪೆನ್ನು ಕೊಟ್ಟು ಮೇಜು ಖಾಲಿ ಮಾಡಿಕೊಟ್ಟ. ಪ್ರಯೋಂಗ್ 'ಲಮುನ್' ಎಂದು ಬರೆದ. ಆಮೇಲೆ 'ಸಿಹಿ ಮಾಡುವುದರಲ್ಲಿ ನಿಪುಣೆ' ಎಂದು ಬರೆದ. ಆಮೇಲೆ ಪೆನ್ನು ನಿಂತಿತು. ಓದಿದ್ದೆಷ್ಟು? ನಾಲ್ಕನೇ ಕ್ಲಾಸು ಇರಬೇಕು. ಮುಗಿಸಿದ್ದಳೋ ಇಲ್ಲವೋ ತಿಳಿಯದು. ಏನಾಸೆ? ಹುಟ್ಟಿದಾಗಿನಿಂದ ಒಂದೇ ಹಿತ್ತಲಿನಲ್ಲಿದ್ದ ಮನುಷ್ಯಳನ್ನು ಈ ಮಾತು ಕೇಳಬೇಕೆಂದು ತನಗೆ ಒಮ್ಮೆಯೂ ತೋಚಿರಲಿಲ್ಲ. ಸಂಸ್ಕೃತದ ಮೇಲೆ ಇನ್ನೊಂದು ಅಣೆಕಟ್ಟು ಎಲ್ಲಿ ಕಟ್ಟಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮಾನವಿಕ ಶಾಸ್ತ್ರದ ಮಹಾಪಂಡಿತ, ಎಂದುಕೊಂಡ, ಮನೆಯ ಮನುಷ್ಯಳೊಬ್ಬಳ ಬಗ್ಗೆ ಒಂದೂವರೆ ಸಾಲು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಅವನು ಮನೆಗೆ ಬಂದಾಗ ಲಮುನ್ ಒಲೆಯ ಮುಂದೆ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಆ ಕೆಲಸಕ್ಕೆ ಕಣ್ಣು ಬೇಕಾಗಿರಲಿಲ್ಲ. ಅವನೂ ಒಂದು ಮಣೆ ಎಳೆದುಕೊಂಡು ಕೂತ.

"ಅಕ್ಕ, ನಿನ್ನ ಕತೆ ಹೇಳು. ಬರ್ಕೊಳ್ತೀನಿ."

"ಇವತ್ತು ಬುಧವಾರ."

"ಗೊತ್ತು."

"ಹೂವಿಲ್ಲ, ಅರಳಿಲ್ಲ."

"ಬೇಡ. ಹೇಳು."

ಲಮುನ್ ಅವನ ಕಿವಿಯ ಕಡೆ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂದು ಅವಳಿಗೆ ಅನುಮಾನ. "ಎಲ್ಲಿಂದ ಶುರು ಮಾಡ್ಲಿ? ಕ್ರಮ ಏನು?"

"ಎಲ್ಲಿಂದಾದ್ರೂ," ಎಂದ ಪ್ರಯೋಂಗ್. ಆ ಮಾತು ತನ್ನ ಬಾಯಿಂದಲೇ ಬಂತೆಂದು ನಂಬಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ಹಂಗಾದ್ರೆ ಮೊಸಳೆಯಿಂದ ಹೇಳ್ತೀನಿ." ಅವಳು ಈರುಳ್ಳಿಯನ್ನು ಕೆಳಗಿಟ್ಟಳು. "ನಾಲ್ಕನೇ ಕ್ಲಾಸಿನ ವಾಚನದ ಪುಸ್ತಕದಲ್ಲಿ ಒಂದು ಪಾಠ ಇತ್ತು. ಒಬ್ಬ ಅಂಬಿಗ. ಕುರುಡಿ ಅಜ್ಜಿನ ಕೂರಿಸ್ಕೊಂಡು ಹೊಳೆ ದಾಟಿಸ್ತಿರ್ತಾನೆ. ನಡು ಹೊಳೇಲಿ ಮೊಸಳೆ ತಲೆ ಎತ್ತುತ್ತೆ. ಬಾಯಿ ತೆರೆದು, 'ಅಂಬಿಗ, ನಿನ್ನನ್ನ ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಗೊತ್ತಿದ್ರೆ ದಾಟು' ಅನ್ನುತ್ತೆ. ಅಲ್ಲಿಗೆ ಪುಟ ಮುಗೀತು."

"ಆಮೇಲೆ?"

"ಆಮೇಲೇನು? ತಿರುವ್ಬೇಕು ಅಂತ ಹಾಳೆ ಹಿಡಿದಿದ್ದೆ, ಬಾಗಿಲಿಂದ ಯಾರೋ ನನ್ನ ಹೆಸರು ಕೂಗಿದ್ರು. ಅಮ್ಮಂಗೆ ನೋವು ಬಂದಿತ್ತು. ನೀನು ಹುಟ್ತಾ ಇದ್ದೆ. ಪುಸ್ತಕ ಬೆಂಚಿನ ಮೇಲೆ ಬೋರಲು ಹಾಕಿ ಬಂದೆ. ಅಮ್ಮ ಮತ್ತೆ ಬಹಳ ಕಾಲ ಎದ್ದೇಳ್ಲಿಲ್ಲ. ನಿನ್ನನ್ನ ಸೊಂಟದಿಂದ ಇಳಿಸೋಷ್ಟರಲ್ಲಿ ಸ್ಕೂಲಿನ ವಯಸ್ಸು ಮುಗಿದೋಗಿತ್ತು."

ಅವಳ ದನಿಯಲ್ಲಿ ದೂರಿರಲಿಲ್ಲ. ಹಾಲು ಒಡೆದ ಸುದ್ದಿ ಹೇಳುವಂತೆ ಹೇಳಿದಳು. ಪ್ರಯೋಂಗ್ ಪೆನ್ನು ಕೆಳಗಿಟ್ಟ.

"ಮೊಸಳೆ ಏನು ಕೇಳ್ತು ಅಂತ ಬೇರೆಯೋರನ್ನ ವಿಚಾರಿಸ್ಲಿಲ್ವಾ?"

"ವಿಚಾರಿಸ್ದೆ. ಒಬ್ಳು, ಊಟ ಆಯ್ತಾ ಅಂತ ಕೇಳ್ತು ಅಂದ್ಲು. ಇನ್ನೊಬ್ಳು, ಅಂಥಾ ಪಾಠನೇ ಇರ್ಲಿಲ್ಲ, ನಿಂಗೆ ಕನಸು ಬಿದ್ದಿರ್ಬೇಕು ಅಂದ್ಲು. ನೀನು ನಾಲ್ಕನೇ ಕ್ಲಾಸಿಗೆ ಬರ್ಲಿ ಅಂತ ಕಾದೆ. ನಿನ್ನ ಪುಸ್ತಕ ಬಂದ ದಿನ ಬಾಗಿಲು ಹಾಕ್ಕೊಂಡು ಒಂದೊಂದೇ ಹಾಳೆ ನೋಡ್ದೆ. ಪಾಠ ಬದಲಾಯಿಸಿಬಿಟ್ಟಿದ್ರು." ಲಮುನ್ ನಕ್ಕಳು. "ಹೊಸ ಪುಸ್ತಕಕ್ಕೆ ಎಣ್ಣೆ ಕೈ ಮುಟ್ಟಿಸ್ದೆ ಅಂತ ನೀನು ಎರಡು ಹೊತ್ತು ಊಟ ಬಿಟ್ಟಿದ್ದೆ, ನೆನಪಿದೆಯಾ?"

ನೆನಪಿತ್ತು. ಹಾಳೆಹಾಳೆಗೂ ಈರುಳ್ಳಿಯ ವಾಸನೆ ಹತ್ತಿದ್ದ ಆ ಪುಸ್ತಕ, ಅದನ್ನು ಶಾಲೆಯಲ್ಲಿ ತೆರೆಯಲು ತಾನು ನಾಚಿಕೊಂಡದ್ದು, ಎಲ್ಲ ನೆನಪಿತ್ತು. ಹಾಳೆಹಾಳೆಗೂ ಏಕೆ ಹತ್ತಿತ್ತೆಂದು ಮಾತ್ರ ಈ ದಿನದವರೆಗೆ ಗೊತ್ತಿರಲಿಲ್ಲ.

"ಆಮೇಲೆ ಸಾವಿನ ಪುಸ್ತಕ ಹುಡುಕೋಕೆ ಶುರು ಮಾಡ್ದೆ," ಎಂದಳು ಲಮುನ್. "ಹಿಂದಿನ ಅರ್ಧದಲ್ಲಿ ಏನೇನೋ ಹಳೇ ಕತೆ ಹಾಕಿರ್ತಾರಲ್ಲ, ಯಾವುದಾದ್ರೂ ಒಂದ್ರಲ್ಲಿ ಸಿಕ್ಕೀತು ಅಂತ. ಒಲೆ ಮುಂದೆ ಕೂತೋಳಿಗೆ ಓದೋಕೆ ಪುರುಸೊತ್ತೆಲ್ಲಿ? ಕಣ್ಣು ಚೆನ್ನಾಗಿದ್ದಾಗ ಕೈ ಬಿಡುವಿರ್ಲಿಲ್ಲ. ಕೈ ಬಿಡುವಾಗೋ ಹೊತ್ತಿಗೆ ಕಣ್ಣು ಕೈಕೊಡ್ತು. ಅರ್ಧಕ್ಕರ್ಧ ಹಾಗೇ ಉಳ್ಕೊಂಡಿದೆ."

ಪ್ರಯೋಂಗ್ ಎದ್ದು ತನ್ನ ಕೋಣೆಗೆ ಹೋದ. ನಕ್ಷೆಯ ಮುಂದೆ ನಿಂತು, ರಬ್ಬರು ತೆಗೆದುಕೊಂಡು ಸಂಸ್ಕೃತವನ್ನೂ ಪಾಲಿಯನ್ನೂ ಉಜ್ಜಿದ. ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅಣೆಕಟ್ಟಿನಲ್ಲಿ ಅಕ್ಕನ ಮೊಸಳೆಯನ್ನು ಬರೆದ. ಕಾಲುವೆ ಬರೆದ ಕೈಗೆ ಮೊಸಳೆ ಹೊಂದಲಿಲ್ಲ, ಹಲ್ಲು ಮೂಡಿದ ಬದನೆಕಾಯಿಯಂತೆ ಕಂಡಿತು. ಆಮೇಲೆ ಹಾಸಿಗೆಯ ಅಂಚಿನಿಂದ ಏಳನೆಯ ಕವಲಿನ ಆ ಪುಸ್ತಕವನ್ನೇ ಎತ್ತಿಕೊಂಡು ಬಂದು, ಒಲೆಯ ಮುಂದೆ ಕೂತು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದ.

ಅಂದಿನಿಂದ ಅಕ್ಕನ ಮಾತು ಅವನು ಬರೆದುಕೊಳ್ಳುವುದು, ಅವನು ಓದಿದ್ದನ್ನು ಅಕ್ಕ ಕೇಳುವುದು, ಎರಡೂ ಒಲೆಯ ಮುಂದೆಯೇ ನಡೆಯಿತು. ಯಾರ ಪುಸ್ತಕ ತೆರೆದರೂ ಲಮುನ್ ಮುಂದಿನ ಅರ್ಧದಲ್ಲೇ ತಡೆಯುತ್ತಿದ್ದಳು. "ಸುಳ್ಳು. ಅವನು ದಾನಿನಾ? ಸಿಹಿ ತಗೊಂಡ್ರೆ ತಟ್ಟೆನೂ ವಾಪಸ್ ಕೊಡ್ತಿರ್ಲಿಲ್ಲ." ಹೀಗೆ ಇತಿಹಾಸದಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂಬ ಅವನ ಹಳೆಯ ಸಮಸ್ಯೆ ಕೂಡ ಒಂದು ಮಟ್ಟಿಗೆ ಬಗೆಹರಿಯಿತು.

ಹುಟ್ಟಿದ ಹಬ್ಬದ ದಿನ ಭಿಕ್ಷುಗಳು ಊಟ ಮಾಡಿ ಹರಸಿ ಹೋದ ಮೇಲೆ, ಕ್ವಾಂಗ್ ಒಂದೇ ಒಂದು ಪ್ರತಿ ಹೊಲಿದು ತಂದುಕೊಟ್ಟ. ಲಮುನ್ ಅದನ್ನು ಮೂಸಿ ನೋಡಿದಳು, ಅಂಚು ಸವರಿದಳು, ತೂಕ ನೋಡಿದಳು. ಆಮೇಲೆ ತಮ್ಮನ ಕಡೆ ಚಾಚಿದಳು. ಅವಳಿಗೆ ಅಕ್ಷರ ಪೂರ್ತಿ ಹೋಗಿಬಿಟ್ಟಿತ್ತು. ಇದನ್ನು ಕೆಲವು ತಿಂಗಳು ಮುಂಚೆ ಕೊಡಬಹುದಾಗಿತ್ತು ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಓದಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಪುಸ್ತಕ ಹೊಳೆಯ ನಡುವಿನಿಂದ ಶುರುವಾಗಿ, ತಿರುಗಿ ಮುರುಗಿ ಎಲ್ಲೆಲ್ಲೋ ಹೋಗಿ, ಕೊನೆಗೆ ಮತ್ತೆ ಅದೇ ಹೊಳೆಗೆ ಬಂದು, ಮೊಸಳೆ ಬಾಯಿ ತೆರೆದಲ್ಲಿ ನಿಂತಿತು.

"ಆಮೇಲೆ?"

"ಆಮೇಲೆ ಖಾಲಿ ಹಾಳೆ ಬಿಟ್ಟಿದ್ದೀನಿ ಅಕ್ಕ. ಹಿಂದಿನ ಅರ್ಧ ಪೂರ್ತಿ. ಹುಡುಕ್ತಾ ಇದ್ದೀವಲ್ಲ, ಸಿಕ್ಕಿದ ಕೂಡ್ಲೇ ಸೇರಿಸ್ತೀನಿ."

ಲಮುನ್ ಕೈಚಾಚಿ ಖಾಲಿ ಹಾಳೆಗಳನ್ನು ಸವರಿದಳು. "ಅಲ್ಲೀವರೆಗೂ ನಾನು ಸಾಯೋ ಹಾಗಿಲ್ಲ, ಹಾಗಾದ್ರೆ."

"ಸಾಯೋ ಹಾಗಿಲ್ಲ."

ಆ ಸಂಜೆ ಪ್ರಯೋಂಗ್ ಹಾಸಿಗೆಯ ಮೇಲೆ ಉಳಿದಿದ್ದ ಪುಸ್ತಕಗಳ ಮುಂದೆ ನಿಂತ. ಉದ್ಯೋಗದ ಉದ್ದಕ್ಕೂ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಇಷ್ಟು ದಿನ ಆಗದ ಕೆಲಸವನ್ನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ. ಹಳೆಯ ಕತೆಗಳು, ಮಕ್ಕಳ ಪಾಠಗಳು, ಹೊಳೆ, ದೋಣಿ, ಅಂಬಿಗ ಬರಬಹುದಾದ ಪುಸ್ತಕಗಳನ್ನೆಲ್ಲ ಆರಿಸಿ ತೀರ ಕೊನೆಗೆ, ಗೋಡೆಯ ಬದಿಗೆ ಇಟ್ಟ. ಮೊಸಳೆ ಸುಳಿಯುವ ಸಾಧ್ಯತೆಯೇ ಇಲ್ಲದವನ್ನು ಮುಂದಕ್ಕೆ ತಂದ. ಎರಡು ಸಲ ಪರೀಕ್ಷಿಸಿದ. ಈ ಕ್ರಮದಲ್ಲಿ ಒಂದು ತಪ್ಪೂ ಇರಲಿಲ್ಲ.

ಬೆಳಗ್ಗೆ ಮೊದಲನೆಯದನ್ನು ತೆಗೆದುಕೊಂಡು ಒಲೆಯ ಮುಂದೆ ಕೂತ.

"ಇವತ್ತು ಯಾವ್ದು?" ಲಮುನ್ ಕೇಳಿದಳು.

"ಭೂಕಂದಾಯದ ಚರಿತ್ರೆ. ಎರಡು ಸಂಪುಟ."

"ಅದ್ರಲ್ಲಿ ಮೊಸಳೆ ಇರುತ್ತಾ?"

"ಹೇಳೋಕಾಗಲ್ಲ ಅಕ್ಕ."

ಲಮುನ್ ಅವನ ಕಿವಿಯ ಕಡೆ ಸ್ವಲ್ಪ ಹೊತ್ತು ನೋಡಿ, ಈರುಳ್ಳಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಧಾನವಾಗಿ ಓದು," ಎಂದಳು.